ಬೆಳ್ಳಕ್ಕಿಗಳ ಊರಿನ ‘ಭರವಸೆಯ ತೋಟ’

ಬ್ರೆಜಿಲ್‌ನ ಸಾವೊ ಪಾಲೊದಿಂದ ರಿಯೊ ಡಿ ಜನೈರೊಗೆ ಹೋಗುವ ಹೆದ್ದಾರಿ ಪರಾಯಿಬ ನದಿಯ ಕಣಿವೆಯಲ್ಲಿ ಸಾಗುತ್ತದೆ. ಹಿಂದೊಮ್ಮೆ ಕಾಫಿಯಿಂದ ಸಿರಿವಂತವಾಗಿದ್ದ ಸೀಮೆ ಇದು. ದಾರಿಯಲ್ಲಿ ಸಿಗುವ ಒಂದು ಊರು ಗ್ವಾರಾಟಿಂಗೆಟಾ. ನಮ್ಮ ನಾಲಿಗೆಗೆ ತುಸು ಕಷ್ಟವಾದ ಈ ಹೆಸರಿಗೆ ಮೂಲನಿವಾಸಿಗಳ ಟುಪಿ ಭಾಷೆಯಲ್ಲಿ ಬೆಳ್ಳಕ್ಕಿಗಳು ತುಂಬಿದ ತಾಣ ಎಂಬರ್ಥವಿದೆಯಂತೆ. ಪಕ್ಕದ ಅಪರೆಸಿಡಾದಲ್ಲಿರುವ ಮೇರಿ ಮಾತೆಯ ಬೃಹತ್ ದೇಗುಲಕ್ಕೆ ಯಾತ್ರಿಕರ ದಂಡೇ ಬರುತ್ತದೆ. ಗ್ವಾರಾಟಿಂಗೆಟಾದ ಹೆಸರು ದೂರದೂರಕ್ಕೆ ತಲುಪಿರುವುದು ಮಾತ್ರ ಊರಾಚೆಯ ಒಂದು ತೋಟದಿಂದ. ಅದು ‘ಫಜೆಂಡಾ ದ ಎಸ್ಪೆರಾನ್ಸಾ’, ಅಂದರೆ ಭರವಸೆಯ ತೋಟ.

ಕತೆ ಶುರುವಾದದ್ದು 1983ರಲ್ಲಿ, ಒಂದು ಬೀದಿಯ ಮೂಲೆಯಲ್ಲಿ. ಮಾದಕ ವಸ್ತು ಸೇವಿಸುವ ಹುಡುಗರು ಅಲ್ಲಿ ಗುಂಪುಗೂಡುತ್ತಿದ್ದರು. ನೆಲ್ಸನ್ ಜೊವಾನೆಲಿ ಎಂಬ ಸ್ಥಳೀಯ ಯುವಕ ಅವರ ಬಳಿ ಹೋದ. ಬುದ್ಧಿವಾದ ಹೇಳಲಿಲ್ಲ, ಅವರು ಹೆಣೆಯುತ್ತಿದ್ದ ಕೈಪಟ್ಟಿಯನ್ನು ತನಗೂ ಹೆಣೆಯಲು ಕಲಿಸಿ ಎಂದ! ದಿನ ಕಳೆದಂತೆ ಅವರಲ್ಲೊಬ್ಬ, ಈ ಚಟದಿಂದ ಬಿಡಿಸು ಎಂದು ಕೇಳಿಕೊಂಡ. ನೆಲ್ಸನ್‌ಗೆ ಬೆಂಬಲವಾಗಿ ನಿಂತವರು ಅಲ್ಲಿನ ಚರ್ಚಿನ ಗುರು, ಜರ್ಮನಿಯಿಂದ ಬಂದ ಫ್ರಾನ್ಸಿಸ್ಕನ್ ಸಂನ್ಯಾಸಿ ಹಾನ್ಸ್ ಸ್ಟಾಪೆಲ್. ಇಂದು 20ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ತೋಟಗಳಿವೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವ್ಯವಸ್ಥೆ.

ಈ ತೋಟಕ್ಕೆ ಸೇರಬೇಕಾದರೆ ಒಂದು ಪತ್ರ ಬರೆಯಬೇಕು. ಚಟ ಹತ್ತಿದವನೇ, ತನ್ನ ಕೈಯಾರೆ, ತನಗೇಕೆ ಬಿಡುಗಡೆ ಬೇಕೆಂದು ಬರೆಯಬೇಕು. ಅಪ್ಪನ ವಶೀಲಿ, ಅಮ್ಮನ ಕಣ್ಣೀರು ಇಲ್ಲಿ ಅರ್ಜಿಯಾಗುವುದಿಲ್ಲ. ಮಗನನ್ನು ಹೇಗಾದರೂ ಹಿಡಿದು ತಂದು ಬಿಟ್ಟುಬಿಡೋಣ ಎನ್ನುವ ಹೆತ್ತವರಿಗೆ ಇದು ನಿಷ್ಠುರವೆನಿಸೀತು. ಆದರೆ ತೋಟದ ಇಡೀ ಕ್ರಮ ನಿಂತಿರುವುದೇ ಆ ಹಾಳೆಯ ಮೇಲೆ.

ಒಳಗಿನ ವಾಸ ಪೂರ್ತಿ 12 ತಿಂಗಳು. ದುಡಿಮೆ, ಕೂಡುಬಾಳು, ಪ್ರಾರ್ಥನೆ – ಇವೇ ಔಷಧ. ಸಿಗರೇಟೂ ನಿಷಿದ್ಧ. ಬೆಳಿಗ್ಗೆ ಬೈಬಲಿನ ಒಂದು ಮಾತನ್ನು ಓದಿ, ಅದನ್ನು ಆ ದಿನ ನಡೆಸಿ ನೋಡಬೇಕು: ಜಗಳವಾಡಿದವನ ಪಾಲಿನ ತಟ್ಟೆ ತೊಳೆದರೂ ಆಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಪ್ರಾರ್ಥನೆ ವೈದ್ಯಕ್ಕೆ ಬದಲಿಯಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರಿಗೆ ತೋರಿಸಬೇಕು. ಬ್ರೆಜಿಲ್‌ನಲ್ಲಿ ಇಂಥ ವಸತಿ ಕೇಂದ್ರಗಳ ಬಗ್ಗೆ ದೂರುಗಳೂ ಇವೆ. 2017ರಲ್ಲಿ ಅಲ್ಲಿನ ಮನೋವಿಜ್ಞಾನ ಪರಿಷತ್ತು, ಸರ್ಕಾರಿ ಅಭಿಯೋಜಕರು ಮತ್ತಿತರರು ಬೇರೆ ಬೇರೆ ಸಂಸ್ಥೆಗಳು ನಡೆಸುವ 28 ಕೇಂದ್ರಗಳನ್ನು ತಪಾಸಣೆ ಮಾಡಿದಾಗ ಬಲವಂತದ ವಾಸ, ದುಡಿಮೆಯ ಹೆಸರಿನ ಶೋಷಣೆ ಕಂಡುಬಂದವು. ಬಾಗಿಲು ಹೊರಗಿನಿಂದ ಮುಚ್ಚಿದೆಯೋ ಇಲ್ಲವೋ ಎಂಬುದನ್ನು ಯಾವ ಕೇಂದ್ರದಲ್ಲಾದರೂ ಮೊದಲು ನೋಡಬೇಕು.

ಪೋಪ್ ಹದಿನಾರನೆಯ ಬೆನೆಡಿಕ್ಟ್ 2007ರ ಮೇ 12ರಂದು ಗ್ವಾರಾಟಿಂಗೆಟಾದ ತೋಟಕ್ಕೆ ಬಂದಿದ್ದರು. ಚಟದಿಂದ ಹೊರಬಂದವರ ಮಾತು ಕೇಳಿದರು. ಮಾದಕ ವಸ್ತು ಮಾರುವವರಿಗೆ ದೇವರು ಲೆಕ್ಕ ಕೇಳುತ್ತಾನೆಂದು ಕಟುವಾಗಿಯೇ ಎಚ್ಚರಿಸಿದರು.

ವರ್ಷ ಮುಗಿಸಿ ಊರಿಗೆ ಮರಳಿದವನನ್ನು ಹಳೆಯ ಬೀದಿ, ಹಳೆಯ ಗೆಳೆಯರು ಕಾದಿರುತ್ತಾರೆ. ಅದಕ್ಕೆಂದೇ ಊರೂರಲ್ಲಿ ‘ಜೀವಂತ ಭರವಸೆ’ ಎಂಬ ಹೆಸರಿನ ಗುಂಪುಗಳು ಸೇರುತ್ತವೆ. ಅಲ್ಲಿ ಮಗನ ಜತೆಗೆ ಅಪ್ಪ ಅಮ್ಮಂದಿರೂ ಕೂರುತ್ತಾರೆ.