ಗಂಟೆಗೊಂದು ರೀಡಿಂಗು

1990ರ ದಶಕದಲ್ಲಿ ತುಮಕೂರು ಕಡೆಯ ಒಂದು 66 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಗಂಟೆಗೊಮ್ಮೆ ಪ್ಯಾನೆಲ್ ಮುಂದೆ ನಿಂತು ಒಂದೊಂದು ಫೀಡರಿನ, ಅಂದರೆ ಊರುಗಳ ಕಡೆ ಹೊರಡುವ ಲೈನಿನ, ಆಂಪಿಯರ್ ಓದಿ ಲಾಗ್‌ಶೀಟಿಗೆ ಬರೆಯಬೇಕು. ರಾತ್ರಿ ಪಾಳಿಯ ಎರಡು, ಮೂರು, ನಾಲ್ಕು ಗಂಟೆಯ ರೀಡಿಂಗುಗಳನ್ನು ಬೆಳಗಿನ ಟೀ ಆದಮೇಲೆ ಒಟ್ಟಿಗೇ ಬರೆಯುವವರು ಎಲ್ಲ ಸ್ಟೇಷನ್ನಿನಲ್ಲೂ ಇದ್ದರು. ಅದೇ ಹಾಳೆ ಮೇಲಕ್ಕೆ ಹೋಗಿ ಸರ್ಕಾರದ ಅಂಕಿಅಂಶವಾಗುತ್ತಿತ್ತು.

ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್ ಬರುತ್ತಿತ್ತು: "ಫ್ರೀಕ್ವೆನ್ಸಿ ಬೀಳ್ತಿದೆ, ಎರಡು ಫೀಡರ್ ತೆಗೀರಿ." ಇರಬೇಕಾದ್ದು 50 ಹರ್ಟ್ಸ್, ದಕ್ಷಿಣದ ಗ್ರಿಡ್ 48.5ರ ಆಸುಪಾಸಿನಲ್ಲಿ ತೆವಳಿದ ದಿನಗಳು ಧಾರಾಳ. ಆಸ್ಪತ್ರೆಯ ಲೈನು ತೆಗೆಯುವಂತಿಲ್ಲ, ಶಾಸಕರ ಊರಿನದಂತೂ ಇಲ್ಲವೇ ಇಲ್ಲ. ಉಳಿಯುತ್ತಿದ್ದದ್ದು ಪಂಪ್‌ಸೆಟ್ಟಿನವರು.

ಫಜೀತಿ ಇದ್ದದ್ದು ಪಂಪಿಗೆ ಬೇಕಾದ ತ್ರೀ ಫೇಸ್ ಮತ್ತೆ ಕೊಡುವಾಗ. ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳದ ಮೇಲೆ ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಂಡು ಮಲಗುತ್ತಿದ್ದರು. ಬ್ರೇಕರ್ ಹಾಕಿದ ಕೂಡಲೇ ಅಷ್ಟೂ ಮೋಟಾರು ಒಮ್ಮೆಗೇ ಎಳೆದು, ಸೂಜಿ ಕೊನೆಗೆ ಬಡಿದು ಫೀಡರ್ ಟ್ರಿಪ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಊರವರೇ ಚಂದಾ ಎತ್ತಿ ಟ್ರ್ಯಾಕ್ಟರಿನಲ್ಲಿ ರಿಪೇರಿಗೆ ಒಯ್ಯುತ್ತಿದ್ದರು. ಹೊತ್ತು ಗೊತ್ತಿದ್ದರೆ ಸರದಿ ಮಾಡಿಕೊಳ್ಳುವಷ್ಟು ಬುದ್ಧಿ ಅವರಿಗಿತ್ತು. ಕೆರೆ ನೀರನ್ನು ಹಾಗೇ ಹಂಚಿಕೊಂಡು ಬಂದವರು ತಾನೆ.

ಈಗ ಲಾಗ್‌ಶೀಟನ್ನು ಯಾರೂ ಕಾಯುವುದಿಲ್ಲ. ಸ್ಕಾಡಾ ಎಂಬ ಕಂಪ್ಯೂಟರ್ ವ್ಯವಸ್ಥೆ ರೀಡಿಂಗನ್ನು ತಾನಾಗಿ ಬೆಂಗಳೂರಿಗೆ ಮುಟ್ಟಿಸುತ್ತದೆ. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಈಗ ಹಂಚುವ ಕಂಪನಿಗಳು ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾವ ತುಂಡಿಗೆ ಎಷ್ಟು ಬೇಕೆಂದು ಹಿಂದಿನ ದಿನವೇ ಹೇಳಬೇಕು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಸಂಜೆ ಕೈಬಿಡುವ ಹೊತ್ತಿಗೆ ಊರೆಲ್ಲ ದೀಪ ಹಾಕುತ್ತದೆ. ಬಿಸಿಲಿರುವಾಗಲೇ ನೀರೆತ್ತಲಿ ಎಂದು ಪಂಪಿನ ಪಾಳಿ ಹಗಲಿಗೆ ಬಂದಿರುವುದು ಅದಕ್ಕೇ.

ಇಷ್ಟೆಲ್ಲ ನಿಖರತೆ ಫೀಡರಿನವರೆಗೆ ಮಾತ್ರ. ಅಲ್ಲಿಂದಾಚೆ ಬಹುಪಾಲು ತೋಟದ ಪಂಪುಗಳಿಗೆ ಮೀಟರೇ ಇಲ್ಲ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು 2008ರಿಂದ ಉಚಿತ. ರಾಜ್ಯದ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಪಂಪ್‌ಸೆಟ್ಟಿನದು ಅನ್ನುತ್ತಾರೆ, ಅದೂ ಫೀಡರಿನ ರೀಡಿಂಗಿನಲ್ಲಿ ನಷ್ಟ ಕಳೆದು ತೆಗೆದ ಲೆಕ್ಕ. ರೈತನಿಗೆ ಮೀಟರೆಂದರೆ ನಾಳೆಯ ಬಿಲ್ಲು. ಹಂಚುವ ಕಡೆಯವರಿಗೂ ಅಂದಾಜೇ ಹಿತ. ಕಳ್ಳತನ, ಲೈನ್ ಲಾಸ್ ಎಲ್ಲ ಅದರೊಳಗೆ ಮುಚ್ಚಿಹೋಗುತ್ತದೆ. ಪಟ್ಟಣದ ಸ್ಮಾರ್ಟ್ ಮೀಟರಿನ ಬಗೆಗಿನ ಗುಮಾನಿಯೂ ಸುಳ್ಳಲ್ಲ: ಅರ್ಧ ಗಂಟೆಗೊಂದು ರೀಡಿಂಗು ಸಿಕ್ಕರೆ ಮನೆಯವರು ಯಾವಾಗ ಎದ್ದರು, ಯಾವಾಗ ಬೀಗ ಹಾಕಿ ಹೋದರು ಎಂದು ಕೂತಲ್ಲೇ ಹೇಳಬಹುದು.

ಹೋದ ಬೇಸಿಗೆಯಲ್ಲಿ ನಮ್ಮೂರ ಟಿಸಿಗೆ ಮೀಟರ್ ಕೂರಿಸಲು ಬಂದ ಹುಡುಗನನ್ನು ಪಕ್ಕದ ತೋಟದವರು ಕೇಳಿದರು: "ಇದ್ರ ಮ್ಯಾಲೆ ಎಷ್ಟು ಲೋಡು ಐತೆ ಅಂತ ನಮ್ಗೂ ತೋರಿಸ್ತೀರೇನಪ್ಪ?"

"ಅದು ಆಫೀಸಿಗೆ ಹೋಗುತ್ತೆ, ಯಜಮಾನ್ರೇ."

"ಹಂಗಾರೆ ನನ್ ಪಂಪಿಗೆ ಮಾತ್ರ ಬ್ಯಾಡ" ಅಂದರು ಅವರು. ನನ್ನ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.