ಹುಡುಗಿ ಕಟ್ಟಿದ ಕಡತ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಡಿಗ್ರಿ ಮುಗಿಸಿದ ಹುಡುಗಿಯ ಎದುರು ಬಹಳ ದಾರಿಗಳಿರುವುದಿಲ್ಲ. ಒಂದು ಬಿ.ಎಡ್., ಇನ್ನೊಂದು ಮದುವೆ. ಎರಡೂ ಒಂದೇ ವರ್ಷ ಕೂಡಿಬಂದರೆ ಪುಣ್ಯವಂತೆ ಎನ್ನುತ್ತಾರೆ. ನಾನು ಅಂಥ ಪುಣ್ಯವಂತರಲ್ಲಿ ಒಬ್ಬಳು. ಈಗೀಗ ಈ ಪಟ್ಟಿಗೆ ಬಿ.ಇ. ಸೇರಿದೆ, ಬ್ಯಾಂಕಿನ ಪರೀಕ್ಷೆ ಸೇರಿದೆ. ಆದರೆ ನನ್ನ ತಂಗಿಯ ಮಗಳು ಕಲಬುರಗಿಯಲ್ಲಿ ಬಿ.ಇ. ಮುಗಿಸಿ ಊರಿಗೆ ಬಂದು, "ನಾ ಇನ್ನ ಇಂಟರಾಕ್ಷನ್ ಡಿಸೈನ್ ಮಾಡ್ತೀನಿ" ಎಂದಾಗ ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ.

"ಡಿಸೈನ್ ಅಂದ್ರ ಜಂಪರ್ ಹೊಲಿಯೋದೇನು?" ಎಂದು ಕೇಳಿದವರು ತಂಗಿಯ ಅತ್ತೆ. ಹುಡುಗಿಗೆ ಅವರು ಆಯಿ, ಹಾಗಾಗಿ ನಮಗೆಲ್ಲರಿಗೂ ಆಯಿ. "ಅದಕ ಬಿ.ಇ. ಯಾಕ ಬೇಕಿತ್ತು? ನಮ್ಮ ಓಣ್ಯಾಗ ಮಷೀನ್ ಇಟ್ಕೊಂಡಾಕಿ ಏಳನೇತ್ತ ಕಲ್ತಾಳ."

ತಂಗಿಯ ಗಂಡನ ಚಿಂತೆ ಬೇರೆ. ವರನ ಕಡೆಯವರು ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರೆ ಏನು ಹೇಳುವುದು?

ಅವಳು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಯಂತ್ರದ ಮುಂದೆ ನಿಂತ ಮನುಷ್ಯ ಮೊದಲು ಏನು ನೋಡುತ್ತಾನೆ, ಎಲ್ಲಿ ಒತ್ತುತ್ತಾನೆ, ಒತ್ತಿದ ಮೇಲೆ ಯಂತ್ರ ಅವನಿಗೆ ಏನು ಉತ್ತರ ಕೊಡುತ್ತದೆ, ತಪ್ಪಾದರೆ ಹಿಂದಕ್ಕೆ ಬರುವ ದಾರಿ ಯಾವುದು, ಇದನ್ನೆಲ್ಲ ಮೊದಲೇ ಯೋಚಿಸಿ ಇಡುವ ಕೆಲಸ. ಎಟಿಎಂ ಇರಲಿ, ಮೊಬೈಲ್ ಇರಲಿ, ಆಸ್ಪತ್ರೆಯ ಟೋಕನ್ ಯಂತ್ರ ಇರಲಿ, ಅದರ ಹಿಂದೆ ಹೀಗೆ ಯೋಚಿಸಿದವರು ಯಾರೋ ಇರುತ್ತಾರಂತೆ. ಕೆಲವು ಯಂತ್ರ ನೋಡಿದರೆ ಯಾರೂ ಯೋಚಿಸಿಲ್ಲವೆಂದೂ ತಿಳಿಯುತ್ತದೆ ಎಂದು ನಕ್ಕಳು.

ನನಗೆ ಈ ಮಾತು ನಿಜವಾಗಿ ಅರ್ಥವಾದದ್ದು ಚುನಾವಣೆ ಡ್ಯೂಟಿಯ ನೆನಪಿನಿಂದ. ಜೇವರ್ಗಿ ತಾಲೂಕಿನಲ್ಲಿದ್ದಾಗ ಒಮ್ಮೆ ಒಂದು ಹಳ್ಳಿಯ ಮತಗಟ್ಟೆಯಲ್ಲಿ ಕಂಟ್ರೋಲ್ ಯೂನಿಟ್ ಮುಂದೆ ಕೂತಿದ್ದೆ. ನಾನು ಬ್ಯಾಲೆಟ್ ಗುಂಡಿ ಒತ್ತಿದರೆ ನನ್ನ ಕಡೆ ಕೆಂಪು ದೀಪ, ರಟ್ಟಿನ ಮರೆಯಾಚೆ ಮತದಾರರ ಕಡೆ ಹಸಿರು ದೀಪ. ಅವರು ಚಿಹ್ನೆ ನೋಡಿ ಅದರ ಪಕ್ಕದ ನೀಲಿ ಗುಂಡಿ ಒತ್ತಿದರೆ ಆ ಚಿಹ್ನೆಯ ಎದುರು ಕೆಂಪು ದೀಪ, ಕೂಡಲೇ ಕೋಣೆಗೆಲ್ಲ ಕೇಳುವ ಹಾಗೆ ಉದ್ದನೆಯ ಒಂದು ಸದ್ದು. ಸಹಿ ಮಾಡಲು ಬಾರದ ಮುದುಕಿಯೊಬ್ಬಳು ಮರೆಯಿಂದ ಹೊರಗೆ ಬಂದವಳೇ, "ಆಯ್ತಲ್ರೀ ಅಕ್ಕೋರೆ, ಒದರ್ತಲ್ಲ!" ಎಂದು ಸೆರಗು ಸರಿಮಾಡಿಕೊಂಡು ಹೋದಳು. ಅಕ್ಷರ ಬಾರದವಳಿಗೆ ಯಂತ್ರ ಉತ್ತರ ಕೊಟ್ಟಿತ್ತು, ಅವಳಿಗೆ ಅದು ಸಾಕಾಗಿತ್ತು. ಈಗ ಜೊತೆಗೆ ವಿವಿಪ್ಯಾಟ್ ಬಂದಿದೆ, ಹಾಕಿದ ಮತದ ಚೀಟಿ ಗಾಜಿನೊಳಗೆ 7 ಸೆಕೆಂಡು ಕಾಣುತ್ತದೆ.

ಇದನ್ನು ಹೇಳಿದಾಗ ಹುಡುಗಿ, "ಇದೇ ದೊಡ್ಡವ್ವ, ನಾ ಹೇಳೋದು ಇದೇ!" ಎಂದು ಕುಣಿದಳು. ಆ ಯಂತ್ರವನ್ನು ತಯಾರಿಸುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಅದಕ್ಕೆ ರೂಪ ಕೊಟ್ಟವರು ಐಐಟಿ ಬಾಂಬೆಯ ಐಡಿಸಿ ಎಂಬ ವಿನ್ಯಾಸ ಶಾಲೆಯ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಮತಯಂತ್ರ ಮೊದಲು ಬಳಕೆಯಾದದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ. 2004ರ ಲೋಕಸಭೆ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಬಂತು. ಅಂದರೆ ನಾನು ಇಷ್ಟು ವರ್ಷ ಈ ವಿದ್ಯೆಯ ಪಕ್ಕದಲ್ಲೇ ಟೇಬಲ್ ಹಾಕಿಕೊಂಡು ಕೂತಿದ್ದೆ ಎನ್ನಿ.

ಕಲಿಸುವ ಶಾಲೆಗಳಿಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. ಅಹಮದಾಬಾದಿನ ಎನ್‌ಐಡಿ 1961ರದು, ಬೆಂಗಳೂರಿನ ತುಮಕೂರು ರಸ್ತೆ ಕಡೆಯೂ ಅದರ ಒಂದು ಶಾಖೆ ಇದೆ. ಐಡಿಸಿ 1969ರದು. ಯಲಹಂಕದ ಸೃಷ್ಟಿ 1996ರದು. ಐಐಟಿಯವರ ಸೀಡ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಎರಡು ಭಾಗ, ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಕಾಗದದ ಮೇಲೆ ಕೈಯಿಂದ ಚಿತ್ರ ತೆಗೆದು ಬರೆಯುವಂಥದು. ಅದು ದಾಟಿದರೆ ಸಂದರ್ಶನ. ಅಲ್ಲಿಗೆ ಹೋಗುವಾಗ ಕೈಯಲ್ಲಿ ಪೋರ್ಟ್‌ಫೋಲಿಯೊ ಇರಬೇಕು. ಇದುವರೆಗೆ ಮಾಡಿದ ಕೆಲಸವನ್ನೆಲ್ಲ ಜೋಡಿಸಿಟ್ಟ ಕಡತ. ನೌಕರಿಗೆ ಹೋದರೂ ಅಷ್ಟೇ, ಮಾರ್ಕ್ಸ್ ಕಾರ್ಡನ್ನು ಆಮೇಲೆ ನೋಡುತ್ತಾರೆ, ಮೊದಲು ಇದನ್ನು ತೆರೆಯುತ್ತಾರೆ.

ಮೊದಲನೆಯ ಕಡತವನ್ನು ಅವಳು ಆಳಂದದಲ್ಲಿ ನಮ್ಮ ಮನೆಯಲ್ಲೇ ಕೂತು ಮಾಡಿದಳು. ಕಾಫಿ ಅಂಗಡಿಯ ಆ್ಯಪ್, ಊಟ ತರಿಸುವ ಆ್ಯಪ್, ವಿಮಾನದ ಟಿಕೆಟ್ಟಿನ ಆ್ಯಪ್, ಹೀಗೆ ಹದಿನಾಲ್ಕು. ಬಣ್ಣಗಳು ಕಣ್ಣಿಗೆ ತಂಪಾಗಿದ್ದವು. ವಿಮಾನ ಹತ್ತಿದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲವೆಂಬುದು ಬೇರೆ ಮಾತು. ಸಂದರ್ಶನಕ್ಕೆ ಹೋದ ಕಡೆ ಹಿರಿಯರೊಬ್ಬರು ನಾಲ್ಕು ಪುಟ ತಿರುವಿ ಎರಡೇ ಪ್ರಶ್ನೆ ಕೇಳಿದರಂತೆ. ಇದು ಯಾರಿಗಾಗಿ? ಇದನ್ನು ಬಳಸುವವರು ಬಳಸುವುದನ್ನು ನೀನು ನೋಡಿದ್ದೀಯಾ? ಎರಡಕ್ಕೂ ಅವಳ ಬಳಿ ಉತ್ತರವಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಆ ಬೇಸಿಗೆಯಲ್ಲಿ ಮನೆಯಲ್ಲಿ ಸಣ್ಣ ಪಂಚಾಯಿತಿಯೇ ಕೂಡಿತು. ಸೊಲ್ಲಾಪುರ ಕಡೆಯ ಒಂದು ಸಂಬಂಧ ಬಂದಿತ್ತು, ಜಾತಕ ಕೂಡಿತ್ತು. ತಂಗಿಯ ಗಂಡ ನನ್ನ ಕಡೆ ತಿರುಗಿ, "ನೀವೇ ಹೇಳ್ರಿ ಅಕ್ಕಾರ, ಚಿತ್ರ ತೆಗದು ಯಾರ ಹೊಟ್ಟಿ ತುಂಬ್ಯಾದ?" ಎಂದರು. ಅವರ ದೇವರ ಕೋಣೆಯಲ್ಲೇ ಹಳೆಯ ಕ್ಯಾಲೆಂಡರಿನ ದೇವರೊಬ್ಬನಿಗೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಅಂಥ ದೇವರುಗಳನ್ನು ದೇಶದ ಮನೆಮನೆಗೆ ಕಳಿಸಿದವರಲ್ಲಿ ಒಬ್ಬರು ನಮ್ಮ ಕಲಬುರಗಿಯವರೇ, ಎಸ್.ಎಂ. ಪಂಡಿತ. 1916ರಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ಹೆಸರು ಮಾಡಿದವರು, 1993ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದೆ. "ಅವರು ಗಂಡಸ್ರು" ಎಂದರು. ನಾನು ಸುಮ್ಮನಾಗಲಿಲ್ಲ. ಕಡೆಗೆ ಅವರು ಒಂದು ಗಡುವು ಕೊಟ್ಟರು, ಬರುವ ಎಳ್ಳಮಾವಾಸ್ಯೆಯ ತನಕ. ಗಡುವು ಸಿಕ್ಕದ್ದೇ ದೊಡ್ಡದು. ಎಷ್ಟೋ ಹುಡುಗಿಯರಿಗೆ ಅದೂ ಸಿಗುವುದಿಲ್ಲ.

ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಸಿಟ್ಟಿನಲ್ಲಿ ಎಂಟು ದಿನ ಮೂಲೆ ಹಿಡಿದು ಕೂತಿದ್ದ ಹುಡುಗಿಯನ್ನು ಆಯಿ ರೇಷನ್ ಅಂಗಡಿಗೆ ಚೀಲ ಹಿಡಿಯಲು ಕರೆದುಕೊಂಡು ಹೋದರು. ಅಲ್ಲಿ ಹೆಬ್ಬೆಟ್ಟು ಇಡುವ ಯಂತ್ರ ಇದೆಯಲ್ಲ, ಅದು ಆಯಿಯ ಬೆರಳನ್ನು ತೆಗೆದುಕೊಳ್ಳಲಿಲ್ಲ. ಒಮ್ಮೆ, ಎರಡು ಸಲ, ಐದು ಸಲ. ಐವತ್ತು ವರ್ಷ ಹತ್ತಿ ಬಿಡಿಸಿ, ತೊಗರಿ ಕೊಯ್ದ ಕೈ, ಗೆರೆ ಎಲ್ಲಿ ಉಳಿದಿರಬೇಕು? ಪಾಳಿಯಲ್ಲಿ ಹಿಂದೆ ನಿಂತವರು ಗೊಣಗಿದರು. ಆಯಿ ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ, "ನನ್ನ ಬಳ್ಳೇ ಸುಮಾರ ಅವ, ಏನ್ ಮಾಡ್ಲಿ" ಎಂದರಂತೆ.

ಹುಡುಗಿಗೆ ಚುಚ್ಚಿದ್ದು ಆ ಮಾತು. ಯಂತ್ರಕ್ಕೆ ಬೆರಳು ತಿಳಿಯಲಿಲ್ಲ, ತಪ್ಪು ಮಾತ್ರ ಆಯಿಯ ತಲೆಗೆ ಬಂತು. ಆಮೇಲೆ ನೋಡಿದರೆ ಯಂತ್ರದ ಪರದೆ ಅಂಗಡಿಯವನ ಕಡೆ ಮುಖ ಮಾಡಿತ್ತು. ಏನು ತಪ್ಪಾಯಿತೆಂಬುದನ್ನು ಅದು ಅವನಿಗೆ ಹೇಳುತ್ತಿತ್ತು, ಬೆರಳು ಕೊಟ್ಟವರಿಗೆ ಹೇಳುತ್ತಿರಲಿಲ್ಲ.

ಆಗ ನನಗೆ ‘ಭೂಮಿ’ಯ ನೆನಪಾಯಿತು. ತಲಾಟಿಯ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ ಕಾಲ. 2002ರ ಹೊತ್ತಿಗೆ ರಾಜ್ಯದ 177 ತಾಲೂಕುಗಳಲ್ಲಿ ಅದರ ಕೇಂದ್ರಗಳು ತೆರೆದಿದ್ದವು, 15 ರೂಪಾಯಿಗೆ ಪಹಣಿ. ಆ ಯೋಜನೆಯಲ್ಲಿ ಕೌಂಟರಿನ ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು, ಒಳಗೆ ಏನು ನಡೆದಿದೆಯೆಂದು ಅವನಿಗೂ ಕಾಣಲಿ ಎಂದು. ಒಂದು ಪರದೆಯ ಮುಖ ತಿರುಗಿಸುವುದೂ ಒಂದು ವಿದ್ಯೆಯೇ. ನಾನು ಇದನ್ನು ಫೋನಿನಲ್ಲಿ ಹೇಳಿದ್ದೇ ತಡ, ಅವಳು ನೋಟ್‌ಬುಕ್ ಹಿಡಿದು ರೇಷನ್ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತಳು. ಆರು ದಿನ ಕೂತಳು. ಯಾರು ಎಷ್ಟು ಸಲ ಬೆರಳಿಟ್ಟರು, ಆಗ ಅವರ ಕಣ್ಣು ಎಲ್ಲಿತ್ತು, ಅಂಗಡಿಯವ ಏನೆಂದ, ಅವರು ಏನೆಂದರು, ಎಲ್ಲ ಬರೆದಳು.

ಮುಂದಿನ ಕೆಲಸಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ಸೀರೆ ಅಂಗಡಿಯ ರಟ್ಟಿನ ಡಬ್ಬಿ ಕತ್ತರಿಸಿ ಪರದೆ ಮಾಡಿದಳು. ಅದರ ಮೇಲೆ ಬರೆದ ಕಾಗದ ಇಟ್ಟು, ಓಣಿಯ ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು, "ಈಗ ಎಲ್ಲಿ ಒತ್ತತೀರಿ?" ಎಂದು ಕೇಳುವುದು. ಅವರು ಒತ್ತಿದ ಕಡೆಗೆ ತಕ್ಕಂತೆ ಕಾಗದ ಬದಲಿಸುವುದು. ಮೊಬೈಲಿನಲ್ಲಿ ಮೇಲಿನ ಮೂಲೆಗೆ ಮೂರು ಅಡ್ಡ ಗೆರೆ ಇರುತ್ತವೆ ನೋಡಿ, ಒತ್ತಿದರೆ ಪಟ್ಟಿ ತೆರೆಯುತ್ತದೆ. ಅದನ್ನು ತೋರಿಸಿದರೆ ಒಬ್ಬ ಅಜ್ಜಿ, "ಇಭೂತಿ ಅದಲ್ಲಬೇ" ಎಂದು ಕೈ ಮುಗಿದಳಂತೆ! ‘ಸಲ್ಲಿಸು’ ಎಂದು ಬರೆದ ಗುಂಡಿಯನ್ನು ಓದಬಲ್ಲ ಒಬ್ಬಾಕೆ, "ಹರಕಿ ಸಲ್ಲಸೋದು ಗಾಣಗಾಪುರಕ್ಕ, ರೇಷನ್ ಅಂಗಡ್ಯಾಗ ಏನ್ ಸಲ್ಲಸಬೇಕು?" ಎಂದಳು. ನಗೆಯ ಮಾತೆಂದು ಅವಳು ಬಿಡಲಿಲ್ಲ, ಎಲ್ಲವನ್ನೂ ತಾರೀಖು ಹಾಕಿ ಬರೆದುಕೊಂಡಳು. ‘ಸಲ್ಲಿಸು’ ಹೋಗಿ ‘ಆಯ್ತು’ ಬಂತು. ಇಂಗ್ಲಿಷಿನ ಅಳತೆಗೆ ಮಾಡಿದ ಗುಂಡಿಯೊಳಗೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುವುದೂ ಆಗಲೇ ಕಣ್ಣಿಗೆ ಬಿತ್ತು. ಗುಂಡಿಯ ಎತ್ತರ ಹೆಚ್ಚಿಸಿದಳು.

ಧ್ವನಿಗೆ ನನ್ನನ್ನು ಹಿಡಿದಳು. ಮೊದಲು ಅವಳು ಬರೆದುಕೊಟ್ಟದ್ದು, "ದಯವಿಟ್ಟು ನಿಮ್ಮ ಹೆಬ್ಬೆರಳನ್ನು ಮತ್ತೊಮ್ಮೆ ಇರಿಸಿ." ಕೇಳಿದ ಆಯಿ, "ಯಾರ ಬೆಂಗಳೂರಿನವ್ರು ಬಂದಾರ?" ಎಂದು ಬಾಗಿಲ ಕಡೆ ನೋಡಿದರು. ಎರಡನೆಯ ಸಲ, "ಅವ್ವಾ, ಹೆಬ್ಬಟ್ಟು ಹಿಡಿಲಿಲ್ಲ. ನಿಮ್ದೇನೂ ತಪ್ಪಿಲ್ಲ. ನಡುವಿನ ಬಟ್ಟ ಇಟ್ಟು ನೋಡ್ರಿ." ಆಯಿ ಏನೂ ಅನ್ನಲಿಲ್ಲ, ರಟ್ಟಿನ ಮೇಲೆ ನಡುವಿನ ಬೆರಳು ಇಟ್ಟರು.

ಎರಡನೆಯ ಕಡತದಲ್ಲಿ ಹದಿನಾಲ್ಕು ಕೆಲಸ ಇರಲಿಲ್ಲ, ಮೂರೇ ಇದ್ದವು. ರೇಷನ್ ಯಂತ್ರ, ಬಸ್ ನಿಲ್ದಾಣದ ಫಲಕ, ನಮ್ಮ ಶಾಲೆಯ ಹಾಜರಿ. ಮೊದಲನೆಯದಕ್ಕೇ ಅರ್ಧ ಪುಟಗಳು. ರಟ್ಟಿನ ಫೋಟೊ, ವಿಭೂತಿಯ ಪ್ರಸಂಗ, ಕೆಟ್ಟುಹೋದ ಎರಡು ಪ್ರಯತ್ನ, ಅವು ಯಾಕೆ ಕೆಟ್ಟವು, ಆಮೇಲೆ ಏನು ಬದಲಿಸಿದೆ. ಧ್ವನಿ ದೊಡ್ಡವ್ವನದೆಂದೂ ಬರೆದಿದ್ದಳು. ಬೇರೆಯವರು ಮಾಡಿದ್ದನ್ನು ತನ್ನದೆನ್ನಬಾರದು, ಅಲ್ಲಿ ಅದನ್ನು ಕೆದಕಿ ಕೇಳುತ್ತಾರಂತೆ. ಕೆಟ್ಟದ್ದನ್ನೂ ತೋರಿಸುವುದು ನನಗೆ ಹೊಸದು. ನಾವು ಬಿ.ಎಡ್.ನಲ್ಲಿ ಪಾಠ ಟಿಪ್ಪಣಿಯ ರೆಕಾರ್ಡ್ ಬರೆಯುತ್ತಿದ್ದೆವು, ಬಣ್ಣದ ಕಾಗದದ ಹೊದಿಕೆ, ಕೆಂಪು ಮಸಿಯ ಅಡಿಗೆರೆ. ಎಲ್ಲ ಪಾಠವೂ ಅದರಲ್ಲಿ ಸಫಲವೇ. ಮಕ್ಕಳಿಗೆ ಎಲ್ಲಿ ತಿಳಿಯಲಿಲ್ಲ ಎಂಬ ಕಾಲಮ್ಮೇ ಇರಲಿಲ್ಲ.

ಆ ಕಡತವನ್ನು ಅವಳು ಬೆಂಗಳೂರಿನ ಇಪ್ಪತ್ತೊಂದು ಕಂಪನಿಗಳಿಗೆ ಕಳಿಸಿದಳು. ಹದಿನೇಳರಿಂದ ಉತ್ತರವೇ ಇಲ್ಲ. ಮೂವರು ಇಲ್ಲವೆಂದರು. ಆಸ್ಪತ್ರೆಗಳಿಗೆ ಆ್ಯಪ್ ಮಾಡಿಕೊಡುವ ಒಂದು ಸಣ್ಣ ಕಂಪನಿ ಕರೆಯಿತು. ಸಂದರ್ಶನದಲ್ಲಿ ಮುಕ್ಕಾಲು ತಾಸು ಆಯಿಯ ಬಗ್ಗೆಯೇ ಮಾತಾಯಿತಂತೆ. ಮೊದಲು ಆರು ತಿಂಗಳು ತರಬೇತಿ, ಕೈಗೆ ಬರುತ್ತಿದ್ದ ಹಣ ಪಿಜಿಯ ಬಾಡಿಗೆಗೆ ಸರಿಯಾಗುತ್ತಿತ್ತು, ಊಟಕ್ಕೆ ನಾನು ಕಳಿಸುತ್ತಿದ್ದೆ. ಆಮೇಲೆ ನೌಕರಿ ಕಾಯಂ. ಸೊಲ್ಲಾಪುರದ ವರನಿಗೆ ಆ ವರ್ಷವೇ ಬೇರೆ ಕಡೆ ಮದುವೆಯಾಯಿತು. ಊಟಕ್ಕೆ ನಾವೂ ಹೋಗಿದ್ದೆವು, ಹೋಳಿಗೆ ಚೆನ್ನಾಗಿತ್ತು.

ನೌಕರಿ ಹಿಡಿದ ಮೇಲೂ ಕಡತದ ಕೆಲಸ ಮುಗಿಯುವುದಿಲ್ಲವೆಂಬುದು ನನಗೆ ಈಚೆಗೆ ತಿಳಿಯಿತು. ಕಂಪನಿಯೊಳಗೆ ಮಾಡಿದ ಕೆಲಸವನ್ನು ಹೊರಗೆ ತೋರಿಸುವುದಿಲ್ಲವೆಂದು ಸಹಿ ಹಾಕಿಸಿಕೊಂಡಿರುತ್ತಾರೆ. ಎರಡು ವರ್ಷ ದುಡಿದರೂ ಮುಂದಿನವರಿಗೆ ತೋರಿಸಲು ಕೈ ಖಾಲಿ. ಅದಕ್ಕೇ ಅವಳು ಏನನ್ನು ತೋರಿಸಬಹುದೆಂದು ಕೇಳಿ ಲಿಖಿತ ಒಪ್ಪಿಗೆ ಪಡೆಯುತ್ತಾಳೆ, ರವಿವಾರ ತನ್ನದೇ ಒಂದು ಸಣ್ಣ ಕೆಲಸ ಇಟ್ಟುಕೊಳ್ಳುತ್ತಾಳೆ. ಈಗಂತೂ ಬಾಯಲ್ಲಿ ಹೇಳಿದರೆ ಹತ್ತು ಬಗೆಯ ಪರದೆ ಬರೆದುಕೊಡುವ ಯಂತ್ರಗಳೇ ಬಂದಿವೆ. "ಹಂಗಾದ್ರ ನಿನ್ನ ನೌಕರಿ?" ಎಂದೆ. "ಕಟ್ಟಿ ಮ್ಯಾಲ ಆರು ದಿನ ಅದು ಕೂಡೂದಿಲ್ಲ ದೊಡ್ಡವ್ವ" ಎಂದಳು. ಹಾಗೆಂದರೂ ಅವಳ ದನಿಯಲ್ಲಿ ಅಳುಕಿತ್ತು. ಜೊತೆಗೆ ಸೇರಿದ ಇಬ್ಬರನ್ನು ಆಗಲೇ ಮನೆಗೆ ಕಳಿಸಿದ್ದಾರೆ.

ಹೋದ ಎಳ್ಳಮಾವಾಸ್ಯೆಗೆ ರಜೆ ಹಾಕಿ ಬಂದಿದ್ದಳು. ಹೊಲದಲ್ಲಿ ಬಜ್ಜಿ, ಸಜ್ಜೆ ರೊಟ್ಟಿ, ಕಡಬಿನ ಊಟವಾದ ಮೇಲೆ ಆಯಿ ಕೇಳಿದರು, "ನೀ ಮಾಡಿದ ಮಷೀನ್ ನಮ್ಮ ಅಂಗಡಿಗಿ ಯಾವಾಗ ಬರ್ತದಬೇ?"

ಅದು ಎಲ್ಲಿಗೂ ಬಂದಿಲ್ಲ. ರಟ್ಟಿನ ಡಬ್ಬಿಯಾಗಿ ಅಟ್ಟದ ಮೇಲಿದೆ, ಫೋಟೊ ಆಗಿ ಅವಳ ಕಡತದಲ್ಲಿದೆ. ಅವಳಿಗೆ ನೌಕರಿ ತಂದುಕೊಟ್ಟಿತು, ಆಯಿ ಇಂದಿಗೂ ಅದೇ ಯಂತ್ರದ ಮುಂದೆ ಬೆರಳು ಒರೆಸಿಕೊಳ್ಳುತ್ತಾರೆ. ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ನನ್ನ ಕೈಯಾಗ ಇಲ್ಲ ಆಯಿ" ಎಂದಳು. ಆಯಿ, "ಮತ್ತ ಯಾರ ಕೈಯಾಗ ಅದ?" ಎಂದರು. ಮರುದಿನ ಬೆಳಿಗ್ಗೆ ಅವಳು ಕಲಬುರಗಿ ಬಸ್ಸು ಹಿಡಿಯಲಿಲ್ಲ. ಅಫಜಲಪುರದ ಬಸ್ಸು ಹತ್ತಿ, ರೇಷನ್ ವಿಷಯ ನೋಡುವ ಕಚೇರಿ ತಾಲೂಕಿನಲ್ಲಿ ಎಲ್ಲಿದೆ ಎಂದು ಕೇಳುತ್ತ ಹೋದಳು. ಕಡತ ಬಗಲಲ್ಲಿತ್ತು.