‘ಇವ’ದ ಲೆಕ್ಕ

ಸಂಸ್ಕೃತ ಕಾವ್ಯದಲ್ಲಿ ಸಂಶೋಧನೆ ನಡೆಸುತ್ತಿರುವ ನಮ್ಮ ಮಗಳು, ಗಣಕಯಂತ್ರದಿಂದ ಗ್ರಂಥಪರಿಶೀಲನೆಯನ್ನು ಕಲಿಸುವ ಕಾರ್ಯಾಗಾರದಿಂದ ಹಿಂದಿರುಗಿದವಳೇ, ರಘುವಂಶದಲ್ಲಿ ‘ಹಾಗೆ’ ಎಂಬರ್ಥದ ‘ಇವ’ ಶಬ್ದವನ್ನು ಕ್ಷಣಾರ್ಧದಲ್ಲಿ ಎಣಿಸಿ ತೋರಿಸಿದಳು. ಅದನ್ನೇ ಚೀಟಿಗಳಲ್ಲಿ ಬರೆದುಕೊಳ್ಳಲು ನಾವು ಎರಡು ಬೇಸಗೆಯ ರಜೆಗಳನ್ನು ಕಳೆದಿದ್ದೆವು! (1949ರಲ್ಲಿ ಇಟಲಿಯ ಪಾದ್ರಿ ರೊಬೆರ್ತೊ ಬೂಸ ಎಂಬವರು ಥಾಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳ ಪದಸೂಚಿಗಾಗಿ ಐ.ಬಿ.ಎಂ. ಯಂತ್ರಗಳ ನೆರವನ್ನು ಬೇಡಿದರು. ಆ ಕಾರ್ಯಕ್ಕೆ ಮೂರು ದಶಕಗಳೇ ಹಿಡಿದುವು.)

ಯಂತ್ರದ ಲೆಕ್ಕವು ನಮ್ಮದಕ್ಕಿಂತ ಕಡಮೆಯಾಗಿತ್ತು. ‘ಲತೇವ’ ಎಂಬಲ್ಲಿ ಸಂಧಿಯೊಳಗೆ ಅಡಗಿದ ‘ಇವ’ ಅದಕ್ಕೆ ಕಾಣದೆಂದು ನಾವು ಹಿಗ್ಗಿದೆವು. ಮಗಳು ಸಂಧಿ ಬಿಡಿಸುವ ಕ್ರಮವನ್ನೂ ಸೇರಿಸಿ ಮತ್ತೆ ಎಣಿಸಲು, ನಮ್ಮ ಚೀಟಿಗಳಲ್ಲೇ 7 ಕಡೆ ಬಿಟ್ಟುಹೋಗಿದ್ದುದು ತಿಳಿಯಿತು. ಹಿಗ್ಗು ಇಳಿಯಿತು.

“ಆದರೆ ಇವುಗಳಲ್ಲಿ ಉಪಮೆ ಯಾವುದು, ಉತ್ಪ್ರೇಕ್ಷೆ ಯಾವುದು ಎಂದು ನೀವೇ ಹೇಳಬೇಕಪ್ಪಾ” ಎಂದು ಅವಳು ಪಟ್ಟಿಯನ್ನು ಮುಂದಿಟ್ಟಳು. ಈಗ ದಿನಕ್ಕೊಂದು ಸರ್ಗದಂತೆ ಇಬ್ಬರೂ ನೋಡುತ್ತಿದ್ದೇವೆ. ಐದನೆಯದರಲ್ಲಿ ಜಗಳ ಬಂದು ನಿಂತಿದೆ.